ಗ್ರಂಥಾಲಯದ ದೆವ್ವಕ್ಕೆ ಆ ಹೆಸರು ಎಲ್ಲಿಂದ ಬಂತು?

ಪ್ರಿಯ ಓದುಗರೇ,

ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯದ ಬಗ್ಗೆ ಬರೆದವರು ಅಲ್ಲಿನ ದೆವ್ವದ ಮಾತೇ ಎತ್ತಲಿಲ್ಲ ಯಾಕೆ ಎಂದು ಕೇಳಿದ್ದೀರಿ. ಅಧ್ಯಯನಕ್ಕೆ ಹೊರಟಿರುವ ಮಗಳನ್ನು ಅಲ್ಲಿಗೆ ಕಳಿಸಬಹುದಾ ಎಂದೂ ಕೇಳಿದ್ದೀರಿ. ಧಾರಾಳವಾಗಿ ಕಳಿಸಿ.

ಆ ಕಥೆ ನಾನೂ ಕೇಳಿದ್ದೇನೆ. ತೆಗೆದ ಪುಸ್ತಕವನ್ನು ಅದರ ಜಾಗದಲ್ಲಿ ಇಡದಿದ್ದರೆ ಬ್ರಿಟಿಷ್ ಆಡಳಿತಗಾರ ಮೆಟ್‌ಕಾಫ್ ಸಾಹೇಬರ ಹೆಂಡತಿ ಬೆನ್ನ ಹಿಂದೆ ಬಂದು ನಿಲ್ಲುತ್ತಾಳಂತೆ. ಕತ್ತಿಗೆ ಉಸಿರು ತಾಗುತ್ತದಂತೆ. ಆದರೆ ಈ ಗ್ರಂಥಾಲಯದ ಹಳೆಯ ಕಟ್ಟಡ, ಅಂದರೆ ಅಲಿಪುರದ ಬೆಲ್ವೆಡಿಯರ್ ಬಂಗಲೆ, ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳು ಇದ್ದ ಮನೆ. ಮೆಟ್‌ಕಾಫ್ ಹಾಲ್ ಇರುವುದು ಬೇರೆ ಕಡೆ, ಹೂಗ್ಲಿ ದಂಡೆಯ ಹತ್ತಿರ. ಈ ಗ್ರಂಥಾಲಯದ ಹಿಂದಿನ ರೂಪವಾದ ಇಂಪೀರಿಯಲ್ ಲೈಬ್ರರಿ 1903ರಲ್ಲಿ ಜನರಿಗೆ ತೆರೆದದ್ದು ಅಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಪುಸ್ತಕಗಳು ಬೆಲ್ವೆಡಿಯರ್‌ಗೆ ಬಂದವು. 1953ರಲ್ಲಿ ಮೌಲಾನಾ ಆಜಾದ್ ಅದನ್ನು ಜನರಿಗೆ ತೆರೆದರು. ಪುಸ್ತಕಗಳ ಜೊತೆ ಹಳೆಯ ಹೆಸರೂ ಬಂತು, ಹೆಸರಿಗೆ ಕಥೆ ಅಂಟಿಕೊಂಡಿತು ಎಂದು ನನ್ನ ಊಹೆ.

ಪತ್ರಿಕೆ ನಡೆಸುವವನಾಗಿ ನನಗೆ ಬೇಸರ ಆಗುವುದು ಇಲ್ಲೇ. 1835ರಲ್ಲಿ ಪತ್ರಿಕೆಗಳ ಮೇಲಿದ್ದ ಲೈಸೆನ್ಸಿನ ಕಟ್ಟುಪಾಡು ತೆಗೆದವರು ಇದೇ ಚಾರ್ಲ್ಸ್ ಮೆಟ್‌ಕಾಫ್. ಆ ಗೌರವಕ್ಕೇ ಅವರ ಹೆಸರಲ್ಲಿ ಹಾಲ್ ಎದ್ದಿತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ದೆವ್ವವಾದ ಹೆಂಡತಿ. ಇದು ಅನ್ಯಾಯ ಅಲ್ವಾ?

ನೀವು ಕೇಳಿರುವ ಬಾಗಿಲಿಲ್ಲದ ಕೋಣೆ ನಿಜವೇ. 2010ರಲ್ಲಿ ದುರಸ್ತಿಗೆಂದು ಪರಿಶೀಲಿಸುವಾಗ ಬೆಲ್ವೆಡಿಯರ್ ಬಂಗಲೆಯ ನೆಲಮಹಡಿಯಲ್ಲಿ ಸುಮಾರು 1,000 ಚದರ ಅಡಿಯ ಜಾಗ ಗೊತ್ತಾಯಿತು. ಒಳಹೋಗಲು ದಾರಿಯೇ ಇಲ್ಲ. ಒಂದು ಕಡೆ ಕಮಾನಿತ್ತು, ಅದನ್ನೂ ಗೋಡೆ ಕಟ್ಟಿ ಮುಚ್ಚಿದ್ದರು. ಒಳಗೆ ನಿಧಿ ಇದೆ, ಅದು ಚಿತ್ರಹಿಂಸೆಯ ಕೋಣೆ ಎಂದೆಲ್ಲ ಸುದ್ದಿ ಹಬ್ಬಿತು. ಪುರಾತತ್ವ ಇಲಾಖೆಯವರು ತೂತು ಕೊರೆದು ನೋಡಿದರೆ ಬರೀ ಮಣ್ಣು. ಕಟ್ಟಡದ ಬುಡ ಗಟ್ಟಿಯಾಗಲಿ ಎಂದು ತುಂಬಿಸಿದ್ದಿರಬೇಕು ಎಂದರು. ಮೊದಲ ಸುದ್ದಿ ತಲುಪಿದಷ್ಟು ಜನರಿಗೆ ಇದು ತಲುಪಲೇ ಇಲ್ಲ.

ಅಂದಹಾಗೆ, ನಿಮ್ಮ ಮಗಳು ಓದಲು ಕೂರುವುದು ಆ ಹಳೆಯ ಬಂಗಲೆಯಲ್ಲಿ ಅಲ್ಲ. ಪುಸ್ತಕಗಳು ಈಗ ಅದೇ ಆವರಣದ ಭಾಷಾ ಭವನದಲ್ಲಿವೆ. ಅಲ್ಲಿ ಕನ್ನಡ ವಿಭಾಗ ಎಲ್ಲಿ ಎಂದು ಮೊದಲು ಕೇಳಲು ಹೇಳಿ. 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಪ್ರತಿ ಹೊಸ ಪುಸ್ತಕದ ಒಂದು ಪ್ರತಿಯನ್ನು 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಆ ಗ್ರಂಥಾಲಯಕ್ಕೆ ಕಳಿಸಬೇಕು. ಹಾಗಾಗಿ ಇಲ್ಲಿ ಅಂಗಡಿಯಲ್ಲಿ ಸಿಗದ ಕನ್ನಡ ಪುಸ್ತಕ ಅಲ್ಲಿ ಸಿಕ್ಕಿದರೂ ಸಿಗಬಹುದು. ಅಂಥದ್ದು ಸಿಕ್ಕಿದರೆ ನಮಗೊಂದು ಲೇಖನ ಬರೆದು ಕಳಿಸಲಿ. ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ