ಬೆಂಗಳೂರಿನಲ್ಲಿ ಕೂತು 24 ಗಂಟೆಯ ಸಿಮ್ ರೇಸ್‌ಗೆ ತಂಡ ಕಟ್ಟಬಹುದಾ? ಎಷ್ಟು ವೇಗ ಇರಬೇಕು?

ನೀವು ಮೂರು ಜನ ಗೆಳೆಯರು, ಮೂವರ ಹತ್ತಿರವೂ ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸ್ಟೀರಿಂಗ್-ಪೆಡಲ್ ಸೆಟ್ ಇದೆ, ಕಂಪ್ಯೂಟರಿನಲ್ಲಿ ಆಡುವ ಇಪ್ಪತ್ತು ನಿಮಿಷದ ಸಿಮ್ ರೇಸ್‌ಗಳಲ್ಲಿ ಆಗಾಗ ಮೊದಲ ಐದರೊಳಗೆ ಬರುತ್ತೀರಿ ಅಂತ ಬರೆದಿದ್ದೀರಿ. ಈಗ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ಗೆ, ಅಂದರೆ ಒಂದೇ ಕಾರನ್ನು ತಂಡದವರು ಸರದಿಯಲ್ಲಿ ಗಂಟೆಗಟ್ಟಲೆ ಓಡಿಸುವ ರೇಸ್‌ಗಳಿಗೆ ಇಳಿಯುವ ಆಸೆ.

ವೇಗ ಈಗಿರುವುದೇ ಸಾಕು. ಮೊದಲು ನಾಲ್ಕನೆಯವರೊಬ್ಬರನ್ನು ಹುಡುಕಿ. ಆಮೇಲೆ ಕರೆಂಟಿಗೆ ಒಂದು ದಾರಿ ಮಾಡಿಕೊಳ್ಳಿ. ನಾನು ವಿಜಯನಗರದ ಒಂದು ಮೇಲ್ಮಹಡಿ ಮನೆಯಲ್ಲಿ ಕೂತು ಮೂರು ವರ್ಷದಿಂದ ಐರೇಸಿಂಗ್ ಅನ್ನುವ ಆನ್‌ಲೈನ್ ರೇಸ್ ಆಟದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಾವು ಸೋತಿದ್ದೆಲ್ಲ ಈ ಎರಡರಲ್ಲೇ.

ನಮ್ಮ ನಾಲ್ಕನೆಯವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ಮನೆ ರಾಜಾಜಿನಗರ. ಒಂದು ಲ್ಯಾಪಿಗೆ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ, ನನಗಿಂತ ಒಂದೂವರೆ ಸೆಕೆಂಡ್ ನಿಧಾನ. ಸುಮ್ನೆ ತಲೆ ಲೆಕ್ಕಕ್ಕೆ ಇರಲಿ ಅಂತ ಸೇರಿಸಿಕೊಂಡಿದ್ದೆವು. ಅಮೆರಿಕದ ಡೇಟೋನಾ ಟ್ರ್ಯಾಕಿನ 24 ಗಂಟೆ ರೇಸಿನಲ್ಲಿ ನಮ್ಮ ಕಣ್ಣು ತೆರೆಯಿತು. ಜಿಟಿ3 ಅನ್ನುವ ದರ್ಜೆಯ ರೇಸ್ ಕಾರು ಅಲ್ಲಿ ಒಂದು ಟ್ಯಾಂಕ್ ಪೆಟ್ರೋಲಿಗೆ ಹೆಚ್ಚು ಕಡಿಮೆ ಒಂದು ಗಂಟೆ ಓಡುತ್ತದೆ, ಅಂದರೆ ಮೂವತ್ತು ಚಿಲ್ಲರೆ ಲ್ಯಾಪ್. ಅಷ್ಟರಲ್ಲಿ ಅವನು ಕಳೆದುಕೊಳ್ಳುವುದು ಐವತ್ತು ಸೆಕೆಂಡ್. ನಾನೇನು ಮಾಡಿದೆ ಗೊತ್ತಾ? ಬಸ್ ಸ್ಟಾಪ್ ಅಂತ ಕರೆಯುವ ತಿರುವಿನಲ್ಲಿ ಬ್ರೇಕ್ ಒಂದು ಚೂರು ತಡವಾಗಿ ಒತ್ತಿ ಗೋಡೆಗೆ ಗುದ್ದಿದೆ. (ನಮ್ಮೂರಲ್ಲೂ ಗುದ್ದಾಟ ಜಾಸ್ತಿ ಬಸ್ ಸ್ಟಾಪ್ ಹತ್ತಿರವೇ ಅಲ್ವಾ.) ಕಾರನ್ನು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಎಳೆದು ತಂದು ರಿಪೇರಿ ಮುಗಿಯುವಷ್ಟರಲ್ಲಿ ಎಂಟು ನಿಮಿಷ ಹೋಯಿತು. ಅವನು ಒಂಬತ್ತು ಗಂಟೆ ಓಡಿಸಿದರೂ ಕಳೆಯದಷ್ಟು ಸಮಯವನ್ನು ನಾನು ಒಂದೇ ತಿರುವಿನಲ್ಲಿ ಕಳೆದೆ.

ಅಂಥವರನ್ನು ಸೇರಿಸಿಕೊಂಡು ಹೆಸರಿಗೆ ಮಾತ್ರ ಒಂದೆರಡು ಲ್ಯಾಪ್ ಓಡಿಸೋಣ ಅಂದರೂ ಆಗುವುದಿಲ್ಲ. ಫೇರ್ ಶೇರ್ ಅಂತ ಒಂದು ನಿಯಮ ಇದೆ. ಒಟ್ಟು ಲ್ಯಾಪ್‌ಗಳನ್ನು ತಂಡದ ಡ್ರೈವರ್‌ಗಳಿಗೆ ಸಮನಾಗಿ ಹಂಚಿದರೆ ಒಬ್ಬರ ಪಾಲಿಗೆ ಎಷ್ಟು ಬರುತ್ತದೋ, ಅದರಲ್ಲಿ ಕಾಲು ಭಾಗವನ್ನಾದರೂ ಪ್ರತಿಯೊಬ್ಬರೂ ಓಡಿಸಬೇಕು. ಕಾರು 760 ಲ್ಯಾಪ್ ಮುಗಿಸಿದರೆ ನಾಲ್ವರಲ್ಲಿ ಒಬ್ಬರ ಪಾಲು 190, ಅದರ ಕಾಲು ಭಾಗ ಸುಮಾರು 48. ಒಂದೂವರೆ ಗಂಟೆಯ ಕೆಲಸ ಅಷ್ಟೇ. ಆದರೆ ಅವನಿಗೆ ಅಷ್ಟೇ ಕೊಟ್ಟರೆ ಮೂರ್ಖತನ. ಈಗ ರಾತ್ರಿ ಪಾಳಿ ಪೂರ್ತಿ ಅವನದೇ. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ ಒಂದು ಇನ್ಸಿಡೆಂಟ್ ಪಾಯಿಂಟ್ (ತಪ್ಪಿಗೆ ಬೀಳುವ ಅಂಕ), ಕಾರು ತಿರುಗಿದರೆ ಎರಡು, ಇನ್ನೊಬ್ಬರಿಗೆ ಜೋರಾಗಿ ಗುದ್ದಿದರೆ ನಾಲ್ಕು. ಎಲ್ಲವೂ ತಂಡದ ಖಾತೆಗೇ ಸೇರುತ್ತವೆ, ಮಿತಿ ದಾಟಿದರೆ ಪಿಟ್ ಲೇನ್ ಮೂಲಕ ನಿಧಾನಕ್ಕೆ ಹಾದುಬರುವ ಶಿಕ್ಷೆ. ಒಂದು ರಾತ್ರಿ ಅವನು ನಾಲ್ಕು ಗಂಟೆ ಓಡಿಸಿ ಬರೀ ಮೂರು ಪಾಯಿಂಟ್ ತಂದ. ನಾನಾಗಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಅಷ್ಟು ಮಾಡುತ್ತಿದ್ದೆ.

ಇನ್ನು ಕರೆಂಟು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ 24 ಗಂಟೆ ರೇಸ್ ಬರುವುದು ಸಾಮಾನ್ಯವಾಗಿ ಮೇ ತಿಂಗಳ ಹೊತ್ತಿಗೆ. ಮೇ ತಿಂಗಳ ಸಂಜೆ ಬೆಂಗಳೂರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ಹನಿ ಬಿತ್ತು, ಗಾಳಿ ಬೀಸಿತು, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿತ್ತು. ನಾನು ಜರ್ಮನಿಯ ಕಾಡಿನ ನಡುವೆ ಇದ್ದೆ, ಇಪ್ಪತ್ತೈದು ಕಿಲೋಮೀಟರ್ ಉದ್ದದ ಲ್ಯಾಪಿನ ಅರ್ಧದಲ್ಲಿ. ಕಂಪ್ಯೂಟರ್ ಟಪ್ ಅಂತ ಆಫ್ ಆಯಿತು. ಮನೆಯಲ್ಲಿ ಇನ್ವರ್ಟರ್ ಇತ್ತು, ಫ್ಯಾನ್ ನಿಲ್ಲಲೇ ಇಲ್ಲ! ಆಮೇಲೆ ಎಲೆಕ್ಟ್ರಿಷಿಯನ್ ಬಂದು ನೋಡಿ ನಕ್ಕ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕದಿದ್ದರೆ ಬ್ಯಾಟರಿಗೆ ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಕಂಪ್ಯೂಟರ್ ಸತ್ತುಹೋಗುತ್ತದೆ, ಫ್ಯಾನಿಗೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಇವತ್ತೇ ನಿಮ್ಮದನ್ನು ನೋಡಿಕೊಳ್ಳಿ. ಸ್ಟೀರಿಂಗ್‌ನ ಪ್ಲಗ್ಗೂ ಅದೇ ಲೈನಿನಲ್ಲಿ ಇರಲಿ. ರೂಟರಿಗೆ ಬೇರೆಯೇ ಒಂದು ಚಿಕ್ಕ ಯುಪಿಎಸ್ ಕೊಡಿ. ಕರೆಂಟು ಹೋದಾಗ ಬೀದಿಯಲ್ಲಿರುವ ಇಂಟರ್ನೆಟ್ ಡಬ್ಬಿಯೂ ಮಲಗುವುದುಂಟು, ಹಾಗಾಗಿ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇರಲಿ. ಓಡಿಸುತ್ತಿರುವವರ ಇಂಟರ್ನೆಟ್ ಕಡಿದರೆ ಕಾರು ಪಿಟ್‌ಗೆ ವಾಪಸ್ ಬರುತ್ತದೆ, ಎಳೆದು ತಂದ ಸಮಯ ಕಳೆದ ಮೇಲೆ ಇನ್ನೊಬ್ಬರು ಕೂರಬಹುದು. ಅದಕ್ಕೇ ಒಬ್ಬ ಓಡಿಸುತ್ತಿದ್ದರೆ ಇನ್ನೊಬ್ಬ ಎಚ್ಚರವಾಗಿರಲೇಬೇಕು, ಅದೂ ಬೇರೆ ಬಡಾವಣೆಯಲ್ಲಿ.

ಇದು ನಮ್ಮ ಊರಿನ ಕರ್ಮ ಮಾತ್ರ ಅಂದುಕೊಳ್ಳಬೇಡಿ. 2023ರ ಜನವರಿಯ ವರ್ಚುವಲ್ ಲೆ ಮಾನ್ಸ್‌ನಲ್ಲಿ (ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನ ಸಿಮ್ ರೂಪ) ಮುಂದಿದ್ದ ಫಾರ್ಮುಲಾ 1 ಚಾಂಪಿಯನ್ ಮ್ಯಾಕ್ಸ್ ವೆರ್‌ಸ್ಟಾಪನ್ ಅವರ ಕನೆಕ್ಷನ್ನೇ ಕಡಿದು ಅವರ ರೇಸ್ ಹಾಳಾಯಿತು. ಸಿಟ್ಟಿನಲ್ಲಿ ಅವರು ಆಡಿದ ಮಾತು ಆಗ ಎಲ್ಲ ಕಡೆ ಓಡಾಡಿತು.

ಸಮಯದ ವಿಷಯ. ಐರೇಸಿಂಗ್‌ನ ದೊಡ್ಡ 24 ಗಂಟೆ ರೇಸ್‌ಗಳು ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಹೊತ್ತಿಗೆ ಶುರುವಾಗುತ್ತವೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಜಾವ 3:30, ಮಧ್ಯಾಹ್ನ 12:30, ಸಂಜೆ 5:30, ರಾತ್ರಿ 9:30. ಕಣ್ಣು ಮುಚ್ಚಿಕೊಂಡು 12:30 ಆರಿಸಿ. ಭಾನುವಾರ ಊಟದ ಹೊತ್ತಿಗೆ ಮುಗಿಯುತ್ತದೆ, ಸೋಮವಾರ ಆಫೀಸಿಗೆ ಮನುಷ್ಯರಂತೆ ಹೋಗಬಹುದು. ನಿಜವಾದ ಲೆ ಮಾನ್ಸ್‌ನಲ್ಲಿ ಒಬ್ಬ ಡ್ರೈವರ್ ಯಾವುದೇ ಆರು ಗಂಟೆಯಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ, ಒಟ್ಟು ಹದಿನಾಲ್ಕು ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಅವರಿಗೇ ಹಾಗಿರುವಾಗ ನಮ್ಮಂಥವರಿಗೆ ಒಂದು ಸಲಕ್ಕೆ ಎರಡು ಟ್ಯಾಂಕ್ ಸಾಕು. ಆಮೇಲೆ ಎದ್ದು, ಮುಖ ತೊಳೆದು, ಮಲಗಿ.

ರೇಡಿಯೋದಲ್ಲಿ ನಾವು ಕನ್ನಡದಲ್ಲೇ ಮಾತಾಡುವುದು. ಪಕ್ಕದಲ್ಲಿ ಯಾರಿದ್ದಾರೆ ಅಂತ ಒಬ್ಬ ನೋಡಿ ಹೇಳುತ್ತಿರಬೇಕು. ಮೊದಮೊದಲು "ಮಗಾ, ನಿನ್ನ ಎಡಗಡೆ ಒಬ್ಬ ಬರ್ತಾ ಇದಾನೆ ನೋಡು" ಅಂತ ಹೇಳುತ್ತಿದ್ದ. ಆ ವಾಕ್ಯ ಮುಗಿಯುವ ಹೊತ್ತಿಗೆ ಬಂದವನು ಮುಂದೆ ಹೋಗಿರುತ್ತಿದ್ದ, ಇಲ್ಲ ನಮಗೆ ತಾಗಿರುತ್ತಿದ್ದ. ಈಗ "ಎಡ", "ಬಲ", "ಹೋದ". ಮೂರೇ ಪದ. ಪಿಟ್‌ಗೆ "ಒಳಗ್ ಬಾ". ಬೇರೇನೂ ಬೇಡ, ತಿರುವಿನ ಮಧ್ಯೆ ಯಾರೂ ಬಾಯಿ ಬಿಡಬಾರದು. ನಡುವೆ ನಮ್ಮಮ್ಮನ ಕುಕ್ಕರ್ ಮೂರು ಸಲ ಕೂಗಿದ್ದು ಎಲ್ಲರ ಕಿವಿಗೂ ಬಿದ್ದಿದೆ, ಅದಕ್ಕೆ ಪರಿಹಾರ ಸಿಕ್ಕಿಲ್ಲ.

ಪರಿಹಾರ ಸಿಕ್ಕಿದ್ದು ಕೆಳಗಿನ ಮನೆ ಓನರ್ ಅಂಕಲ್ ವಿಷಯಕ್ಕೆ. ರಾತ್ರಿ ಎರಡು ಗಂಟೆಗೆ ಪೆಡಲ್ ಸದ್ದು ನೆಲದ ಮೂಲಕ ಕೆಳಗೆ ಇಳಿಯುತ್ತದೆ. "ಏನಪ್ಪಾ, ರಾತ್ರಿಯಿಡೀ ಹೊಲಿಗೆ ಮಿಷನ್ ತುಳೀತೀಯಾ?" ಅಂತ ಕೇಳಿದರು. ದಪ್ಪ ರಬ್ಬರ್ ಮ್ಯಾಟ್ ಎರಡು ಪದರ ಹಾಸಿದ ಮೇಲೆ ಸುಮ್ಮನಾದರು.

ಸಾಮಾನಿಗೆ ಈಗಲೇ ದುಡ್ಡು ಸುರಿಯಬೇಡಿ. ಜಿ29 ಸಾಕು. ಅದರ ಗೇರು ಹಲ್ಲುಗಳ ಕಟಕಟ ಸದ್ದು ಮೂರನೇ ಗಂಟೆಗೆ ತಲೆ ತಿನ್ನುತ್ತದೆ ನಿಜ, ಆದರೆ ನಮ್ಮ ಬ್ಯಾಂಕಿನವನು ಇವತ್ತಿಗೂ ಅದರಲ್ಲೇ ಓಡಿಸುವುದು. ಖರ್ಚು ಮಾಡುವುದಿದ್ದರೆ ಮೊದಲು ಕೂರುವ ಜಾಗಕ್ಕೆ ಮಾಡಿ. ನಾನು ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿನ ಸೀಟು ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿಕೊಂಡೆ. ಚಕ್ರದ ಕುರ್ಚಿಯಲ್ಲಿ ಬ್ರೇಕ್ ಒತ್ತಿದರೆ ನೀವೇ ಹಿಂದಕ್ಕೆ ಜಾರುತ್ತೀರಿ. ಎರಡನೆಯ ಖರ್ಚು ಲೋಡ್ ಸೆಲ್ ಬ್ರೇಕ್ ಪೆಡಲ್. ಅದು ಕಾಲು ಎಷ್ಟು ದೂರ ಹೋಯಿತು ಅಂತಲ್ಲ, ಎಷ್ಟು ಬಲ ಹಾಕಿದಿರಿ ಅಂತ ಅಳೆಯುತ್ತದೆ. ದಣಿದ ಕಾಲಿಗೂ ಆ ಬಲ ನೆನಪಿರುತ್ತದೆ. ಐರೇಸಿಂಗ್‌ನಲ್ಲಿ ಚಂದಾ ಅಲ್ಲದೆ ಕಾರು, ಟ್ರ್ಯಾಕ್ ಒಂದೊಂದನ್ನೂ ಬೇರೆಯಾಗಿ ಕೊಳ್ಳಬೇಕು, ಒಂದಕ್ಕೆ 12 ಡಾಲರ್ ಆಸುಪಾಸು. ತಂಡದಲ್ಲಿ ಪ್ರತಿಯೊಬ್ಬರೂ ಕೊಳ್ಳಬೇಕು, ಒಬ್ಬರು ಕೊಂಡರೆ ಸಾಲದು. ಹಾಗಾಗಿ ನಾಲ್ವರೂ ಕೂತು ಒಂದೇ ಕಾರು ಅಂತ ತೀರ್ಮಾನ ಮಾಡಿ, ವರ್ಷಪೂರ್ತಿ ಅದನ್ನೇ ಓಡಿಸಿ.

ಹೋದ ವರ್ಷ ಆರು ಸುತ್ತಿನ ಒಂದು ಲೀಗ್‌ನಲ್ಲಿ ನಾವು ಒಮ್ಮೆಯೂ ಮೊದಲ ಮೂರರಲ್ಲಿ ಬರಲಿಲ್ಲ. ಆದರೂ ಆರೂ ರೇಸ್ ಮುಗಿಸಿದ್ದಕ್ಕೆ ಒಟ್ಟು ಪಾಯಿಂಟಿನಲ್ಲಿ ಐದನೆಯವರಾದೆವು. ನಮಗಿಂತ ವೇಗದ ಎರಡು ತಂಡಗಳು ತಲಾ ಎರಡು ರೇಸ್ ಮುಗಿಸಿಯೇ ಇರಲಿಲ್ಲ. ನೀವು ಮೊದಲು ಒಂದು ಆರು ಗಂಟೆಯ ರೇಸ್ ಆಡಿ ನೋಡಿ. ಡ್ರೈವರ್ ಬದಲಾವಣೆಯನ್ನು ಹಿಂದಿನ ದಿನ ಹತ್ತು ಸಲವಾದರೂ ಅಭ್ಯಾಸ ಮಾಡಿ, ಅಲ್ಲಿ ಗಾಬರಿಯಾಗಿ ತಪ್ಪು ಗುಂಡಿ ಒತ್ತುವವರೇ ಜಾಸ್ತಿ.