ಪದ್ಯದಲ್ಲಿ ‘ಕಟ್’ ಮಾಡೋದು ಹೇಗೆ?

ಮೇಡಂ, ಪದ್ಯದಲ್ಲಿ ಜಾತ್ರೆಯೂ ಇದೆ, ಅಜ್ಜಿಯ ಸಾವೂ ಇದೆ, ಎರಡನ್ನೂ ಜೋಡಿಸುವ ಸಾಲು ಮಾತ್ರ ಸಿಗುತ್ತಿಲ್ಲ ಅಂದಿರಿ. ಅರಬ್ಬಿ ಕವಿಗಳು ಸಿನಿಮಾ ಥರ ಬರೆಯುತ್ತಾರಂತೆ, ಹೇಗೆ ಅಂತಲೂ ಕೇಳಿದಿರಿ. ನನಗೆ ಅರಬ್ಬಿ ಬರಲ್ಲ, ಅನುವಾದದಲ್ಲಿ ಓದಿದ್ದು ಅಷ್ಟೇ. ಆ ಓದಿನಿಂದ ಹೇಳುತ್ತೇನೆ.

ಮೊದಲು, ಜೋಡಿಸುವ ಸಾಲು ಬೇಡವೇ ಬೇಡ. ಒಂದು ಶಾಟ್ ಮುಗಿದು ಇನ್ನೊಂದು ಬರುವಾಗ ನಡುವೆ ಯಾರೂ ಎದ್ದು ನಿಂತು ‘ಆಮೇಲೆ’ ಅನ್ನುವುದಿಲ್ಲ ಅಲ್ವಾ? ಈಜಿಪ್ಟಿನ ಅಮಲ್ ದುಂಕುಲ್ 1962ರಲ್ಲಿ ಸ್ಪಾರ್ಟಕಸ್‌ನ ಕೊನೆಯ ಮಾತುಗಳು ಅಂತ ಒಂದು ಪದ್ಯ ಬರೆದ. ಸ್ಪಾರ್ಟಕಸ್ ಅಂದರೆ ರೋಮಿನ ವಿರುದ್ಧ ದಂಗೆ ಎದ್ದ ಗುಲಾಮ. ಭಾಗಗಳಿಗೆ ಸುಮ್ನೆ ನಂಬರ್ ಹಾಕಲಿಲ್ಲ. ‘ಮೊದಲನೇ ಮಜ಼್ಜ್’, ‘ಎರಡನೇ ಮಜ಼್ಜ್’ ಅಂದ. ಮಜ಼್ಜ್ ಅಂದರೆ ಬೆರೆಸುವುದು. ಒಂದು ಚಿತ್ರ ಮಸುಕಾಗುತ್ತಾ ಇನ್ನೊಂದು ಮೂಡುತ್ತದಲ್ಲ, ಆ ಡಿಸಾಲ್ವ್‌ಗೂ ಅದೇ ಮಾತು. ಮೊದಲನೆಯದರಲ್ಲಿ, ಎಲ್ಲರೂ ‘ಹೌದು’ ಎಂದಾಗ ‘ಇಲ್ಲ’ ಎಂದ ಸೈತಾನನಿಗೆ ಜೈಕಾರ. ಎರಡನೆಯದರಲ್ಲಿ ನೇಣುಗಂಬದಲ್ಲಿ ತೂಗುತ್ತಿರುವವನೇ ಮಾತಾಡುತ್ತಾನೆ. ಎರಡರ ನಡುವೆ ‘ಆಮೇಲೆ’ ಇಲ್ಲ, ಆದರೂ ‘ಇಲ್ಲ’ ಅಂದವರ ಗತಿ ಏನು ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಇರಾಕಿನ ಬದ್ರ್ ಶಾಕಿರ್ ಅಲ್-ಸಯ್ಯಾಬ್ (1926–1964). ಅವನ ಮಳೆಯ ಹಾಡು ಶುರುವಾಗುವುದು ಕ್ಲೋಸಪ್ಪಿನಿಂದ, ಎರಡು ಕಣ್ಣುಗಳಿಂದ. ಆ ಕಣ್ಣುಗಳೇ ಬೆಳಗಿನ ಜಾವದ ಖರ್ಜೂರದ ತೋಪುಗಳು. ಮುಂದೆ ನಿದ್ದೆಗೆ ಮುಂಚೆ ಅಮ್ಮನನ್ನು ಕೇಳುವ ಮಗು. ಅಮ್ಮ ಸತ್ತು ವರ್ಷವಾಗಿದೆ. ‘ನಾಡಿದ್ದು ಬರ್ತಾಳೆ’ ಅಂತ ಸಮಾಧಾನ ಮಾಡುತ್ತಾರೆ. ಅಷ್ಟರಲ್ಲೇ ದೃಶ್ಯ ಗುಡ್ಡದ ಪಕ್ಕದ ಗೋರಿಗೆ ಹೋಗುತ್ತದೆ. ಆಮೇಲೆ ಬಲೆ ಎಳೆದುಕೊಳ್ಳುತ್ತಾ ನೀರಿಗೂ ಹಣೆಬರಹಕ್ಕೂ ಶಾಪ ಹಾಕುವ ಬೆಸ್ತ. ಇವನ್ನೆಲ್ಲ ಹಿಡಿದಿಟ್ಟಿರುವುದು ಒಂದೇ ಸದ್ದು, ‘ಮತರ್, ಮತರ್’. ಮಳೆ, ಮಳೆ.

ಹಾಗಂತ ‘ಹಾಗೆ’, ‘ಎಂಬಂತೆ’ಗಳನ್ನೆಲ್ಲ ಕಿತ್ತು ಹಾಕಬೇಡಿ. ಮಗುವೂ ಬೆಸ್ತನೂ ಬರುವುದು ‘ಎಂಬಂತೆ’ಯ ಬಾಗಿಲಿನಿಂದಲೇ. ಆದರೆ ಒಳಗೆ ಹೋದ ಮೇಲೆ ಕವಿ ಅಲ್ಲೇ ನಿಲ್ಲುತ್ತಾನೆ, ಅದು ಹೋಲಿಕೆ ಅನ್ನುವುದೇ ನಮಗೆ ಮರೆತುಹೋಗುತ್ತದೆ.

ಇನ್ನೊಂದು ಜಾಗ ನೋಡಿ. ಕವಿ ಸಮುದ್ರದ ಕೊಲ್ಲಿಯನ್ನು ಕೂಗುತ್ತಾನೆ: ಮುತ್ತು, ಚಿಪ್ಪು, ಸಾವು ಕೊಡುವವಳೇ! ಬಿಕ್ಕಿದಂತೆ ಪ್ರತಿಧ್ವನಿ ಬರುತ್ತದೆ: ಚಿಪ್ಪು, ಸಾವು ಕೊಡುವವಳೇ. ಮುತ್ತು ಮಾಯ. ಇದು ಸೌಂಡ್ ಎಡಿಟಿಂಗ್ ಅಲ್ಲದೆ ಇನ್ನೇನು!

ನೀವು ಹೀಗೆ ಮಾಡಿ. ಒಂದೊಂದು ಚಿತ್ರವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ನೆಲದ ಮೇಲೆ ಹರಡಿ, ಜಾಗ ಬದಲಿಸಿ ನೋಡಿ. ಜಾತ್ರೆಯ ಒಂದು ಸದ್ದನ್ನು ಹಿಡಿದಿಟ್ಟುಕೊಳ್ಳಿ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಅದನ್ನೇ ಮರೆತಿದ್ದೆ, ಪದ್ಯ ಚೆಲ್ಲಾಪಿಲ್ಲಿ ಆಗಿತ್ತು. ಜಾತ್ರೆಯಲ್ಲಿ ಅಜ್ಜಿ ‘ಕೈ ಬಿಡಬೇಡ ಮಗಾ, ಬಾ’ ಅಂದಿದ್ದರೆ, ಖಾಲಿ ಮನೆಯ ದೃಶ್ಯದಲ್ಲಿ ಬರೀ ‘ಕೈ ಬಿಡಬೇಡ’ ಇರಲಿ. ‘ಬಾ’ ಬೇಡ.

ತಿದ್ದಿದ್ದನ್ನು ಇಲ್ಲೇ ಹಾಕಿ. ಹಳೆಯದನ್ನು ಅಳಿಸಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.