ಕಡಲೆಕಾಯಿ, ಸೀಗಡಿ ಅಲರ್ಜಿ ಇದ್ದವರು ಕೊರಿಯಾದ ಬೀದಿ ತಿಂಡಿ ತಿನ್ನಬಹುದೇ?

ತಿನ್ನಬಹುದು, ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ನಂಬಬೇಡಿ. ಹೊತ್ತೊಕ್ ಎಂಬ ಸಿಹಿ ಹೂರಣದ ತಿಂಡಿ ನೋಡಿದರೆ ನಮ್ಮ ಹೋಳಿಗೆ ನೆನಪಾಗುತ್ತದೆ. ಕಚ್ಚಿದರೆ ಬಿಸಿ ಸಕ್ಕರೆ ಪಾಕದ ಜೊತೆ ಪುಡಿ ಮಾಡಿದ ಕಡಲೆಕಾಯಿ ಬಾಯಿಗೆ ಬರುವುದು ಮಾಮೂಲು. ಕಡಲೆಕಾಯಿ ಆಗದವರು ಅದನ್ನು ಬಿಟ್ಟುಬಿಡಿ.

ಸೀಗಡಿ ಆಗದವರಿಗೆ ಭಯ ಇರುವುದು ಎಣ್ಣೆಯಲ್ಲಿ. ಎಷ್ಟೋ ಕಡೆ ಸೀಗಡಿ ಕರಿದ ಬಾಣಲೆಯಲ್ಲೇ ಗೆಣಸಿನ ಬಜ್ಜಿಯನ್ನೂ ಬಿಡುತ್ತಾರೆ, ಹಾಗಾಗಿ 'ಬರೀ ತರಕಾರಿ' ಎಂಬ ಮಾತು ಸಾಲದು. ಬೇರೆ ಅಲರ್ಜಿಯೂ ಇದ್ದರೆ ಇದನ್ನೂ ಗಮನಿಸಿ: ಖಾರದ ಅಕ್ಕಿ ಕಡುಬಿನಂಥ ತೊಕ್‌ಬೊಕ್ಕಿಗೆ ಹಾಕುವ ಗೊಚುಜಾಂಗ್ ಎಂಬ ಮೆಣಸಿನ ಪೇಸ್ಟ್‌ನಲ್ಲಿ ಸೋಯಾ ಇರುತ್ತದೆ, ಎಷ್ಟೋ ಸಲ ಗೋಧಿಯೂ.

ಅಲರ್ಜಿಯ ವಿಷಯವನ್ನು ಕೊರಿಯನ್ ಲಿಪಿಯಲ್ಲೇ ಬರೆದ ಚೀಟಿ ತೋರಿಸಿ. 'ತಾಂಗ್‌ಕೋಂಗ್' ಎಂದರೆ ಕಡಲೆಕಾಯಿ, 'ಸೆಉ' ಎಂದರೆ ಸೀಗಡಿ. ಅಂಗಡಿಯವರು ಒಂದು ಕ್ಷಣ ತಡವರಿಸಿದರೂ ಮುಂದೆ ನಡೆಯಿರಿ. ವೈದ್ಯರು ಬರೆದುಕೊಟ್ಟ ಎಪಿನೆಫ್ರಿನ್ ಪೆನ್ (ತೀವ್ರ ಅಲರ್ಜಿಯಾದಾಗ ಚುಚ್ಚಿಕೊಳ್ಳುವ ಔಷಧಿ) ಹೋಟೆಲಿನ ಕೋಣೆಯಲ್ಲಲ್ಲ, ಜೇಬಿನಲ್ಲೇ ಇರಲಿ. ಉಸಿರು ಕಟ್ಟಿದರೆ ಪೆನ್ ಚುಚ್ಚಿಕೊಂಡು ತಕ್ಷಣ ಕೊರಿಯಾದ ತುರ್ತು ಸಂಖ್ಯೆ 119ಕ್ಕೆ ಕರೆ ಮಾಡಿ.